ಹಾಡಿದ್ದನ್ನು ಬರೆದಿಟ್ಟವರು: ಮೈಸೂರು ವಾಸುದೇವಾಚಾರ್ಯರೂ ನಮ್ಮ ಮನೆಯ ಹಳೇ ಪುಸ್ತಕಗಳೂ

ವಾಮಂಜೂರು: ‘ಶಂಕರಾಭರಣಂ’ ಸಿನಿಮಾ ನೋಡಿದವರಿಗೆ ‘ಬ್ರೋಚೇವಾರೆವರುರಾ’ ಹಾಡು ಗೊತ್ತೇ ಇರುತ್ತದೆ. ಸಿನಿಮಾ ಬಂದದ್ದು 1980ರಲ್ಲಿ. ಚಿತ್ರವೂ ತೆಲುಗು, ಹಾಡಿನ ಸಾಹಿತ್ಯವೂ ತೆಲುಗು. ಆದರೆ ಖಮಾಚ್ ರಾಗದ ಆ ಕೃತಿ ಕಟ್ಟಿದವರು ನಮ್ಮ ಮೈಸೂರಿನ ವಾಸುದೇವಾಚಾರ್ಯರು. ಮೇ 28 ಅವರು ಹುಟ್ಟಿದ ದಿನ. ಹೆಸರು ಕೇಳಿದವರು ತುಂಬಾ ಜನ, ಆದರೆ ಅವರ ಹಾಡುಗಳು ಕಳೆದುಹೋಗದೆ ನಮ್ಮವರೆಗೆ ಬಂದದ್ದು ಹೇಗೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ಆಚಾರ್ಯರು ಹುಟ್ಟಿದ್ದು 1865ರಲ್ಲಿ, ಮೈಸೂರಿನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಳೆದದ್ದು ತಾತನ ಆಶ್ರಯದಲ್ಲಿ. ಸಂಸ್ಕೃತ ಪಾಠಶಾಲೆಯಲ್ಲಿ ಓದು ಒಂದು ಕಡೆ, ವೀಣೆ ಪದ್ಮನಾಭಯ್ಯನವರ ಹತ್ತಿರ ಸಂಗೀತ ಇನ್ನೊಂದು ಕಡೆ. ಹುಡುಗನ ಕಲಿಕೆ ಮಹಾರಾಜ ಚಾಮರಾಜೇಂದ್ರ ಒಡೆಯರ ಕಿವಿಗೂ ಬಿತ್ತು. ಅವರು ಅರಮನೆ ಖರ್ಚಿನಲ್ಲೇ ತಿರುವಯ್ಯಾರಿಗೆ ಕಳಿಸಿಕೊಟ್ಟರು. ಅಲ್ಲಿ ಗುರುಗಳಾಗಿ ಸಿಕ್ಕಿದವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ತ್ಯಾಗರಾಜರ ಶಿಷ್ಯ ಪರಂಪರೆಯವರು.

ಅದು ಗುರು ಹೇಳಿದ್ದನ್ನು ಕೇಳಿ, ಬಾಯಿಪಾಠ ಮಾಡಿ ಕಲಿಯುವ ಕಾಲ. ವಿದ್ವಾಂಸರು ತೀರಿಕೊಂಡರೆ, ಶಿಷ್ಯರು ಕಲಿಯದೆ ಬಿಟ್ಟದ್ದೆಲ್ಲ ಅವರ ಜೊತೆಗೇ ಹೋಯಿತು ಅಂತ ಲೆಕ್ಕ.

ಪುಸ್ತಕಕ್ಕೆ ಬಂದ ಹಾಡು

ಊರಿಗೆ ಮರಳಿ ಆಚಾರ್ಯರು ಅರಮನೆಯ ಆಸ್ಥಾನ ವಿದ್ವಾಂಸರಾದರು. ಮುಂದೆ ಜಯಚಾಮರಾಜೇಂದ್ರ ಒಡೆಯರೂ ಅವರಿಂದ ಪಾಠ ಹೇಳಿಸಿಕೊಂಡರು. 1935ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ‘ಸಂಗೀತ ಕಲಾನಿಧಿ’ ಬಿರುದು ಕೊಟ್ಟಿತು. ಕಟ್ಟಿದ ಕೃತಿಗಳು ಇನ್ನೂರರಷ್ಟು, ಹೆಚ್ಚಿನವು ತೆಲುಗು, ಸಂಸ್ಕೃತದಲ್ಲಿ. ಅಂಕಿತ ‘ವಾಸುದೇವ’.

ಈ ಹಾಡುಗಳನ್ನು ಅವರು ಬರೀ ಗಂಟಲಿಗೆ ಬಿಡಲಿಲ್ಲ. ಸ್ವರ ಹಾಕಿ ‘ವಾಸುದೇವ ಕೀರ್ತನ ಮಂಜರಿ’ ಅಂತ ಅಚ್ಚು ಮಾಡಿಸಿದರು. ಸಾಹಿತ್ಯ ಮಾತ್ರ ಇದ್ದಿದ್ದರೆ ಶಬ್ದ ಉಳಿಯುತ್ತಿತ್ತು, ರಾಗದ ದಾರಿ ತಪ್ಪುತ್ತಿತ್ತು. ಸ್ವರ ಬರೆದದ್ದರಿಂದ ಅವರ ಮುಖ ನೋಡದವರೂ ಇವತ್ತು ಪುಸ್ತಕ ಬಿಡಿಸಿ ಕಲಿಯಬಹುದು.

ಇನ್ನೊಂದು ಕೆಲಸ ಕನ್ನಡಕ್ಕೆ ಮಾಡಿದ್ದು. ತಾವು ಕಣ್ಣಾರೆ ಕಂಡ ವಿದ್ವಾಂಸರ ಬಗ್ಗೆ ‘ನಾ ಕಂಡ ಕಲಾವಿದರು’ ಬರೆದರು. ಆ ಕಾಲದ ಕಛೇರಿ, ಕಲಾವಿದರ ಸ್ವಭಾವ, ಅವರ ಬಡತನ, ಅವರ ಹಠ ಎಲ್ಲ ಈಗ ಓದಲಿಕ್ಕೆ ಸಿಗುವುದು ಅಂಥ ಪುಸ್ತಕಗಳಿಂದಲೇ.

ಮೊಮ್ಮಕ್ಕಳು ಹೊತ್ತ ಭಾರ

ಎಂಬತ್ತು ದಾಟಿದ ಮೇಲೆ ಆಚಾರ್ಯರು ಮೈಸೂರು ಬಿಟ್ಟು ಮದ್ರಾಸಿಗೆ ಹೋದರು. ರುಕ್ಮಿಣಿ ದೇವಿಯವರ ಕಲಾಕ್ಷೇತ್ರದಲ್ಲಿ ಮಕ್ಕಳಿಗೆ ಪಾಠ ಹೇಳಲಿಕ್ಕೆ. ವಾಲ್ಮೀಕಿ ರಾಮಾಯಣವನ್ನು ಸರಣಿ ನೃತ್ಯನಾಟಕ ಮಾಡುವ ಯೋಜನೆಗೆ ಸಂಗೀತ ಕೂರಿಸುವ ಹೊಣೆಯೂ ಅವರ ಮೇಲೆಯೇ ಬಿತ್ತು. ‘ಸೀತಾ ಸ್ವಯಂವರಂ’ ರಂಗಕ್ಕೆ ಬಂದ 1955ರಲ್ಲಿ ಅವರಿಗೆ ಭರ್ತಿ 90 ವರ್ಷ! 1959ರಲ್ಲಿ ಪದ್ಮಭೂಷಣ ಬಂತು. 1961ರ ಮೇ 17ಕ್ಕೆ ತೀರಿಕೊಂಡರು. ರಾಮಾಯಣ ಇನ್ನೂ ಮುಗಿದಿರಲಿಲ್ಲ.

ಅದನ್ನು ಮುಗಿಸಿದ್ದು ಮೊಮ್ಮಗ ಎಸ್. ರಾಜಾರಾಂ. ಅಜ್ಜನ ಜೊತೆಗಿದ್ದು ಕಲಿತವರು, ಮುಂದೆ ಕಲಾಕ್ಷೇತ್ರದ ಪ್ರಾಂಶುಪಾಲರೂ ಆದರು. ಇನ್ನೊಬ್ಬ ಮೊಮ್ಮಗ ಎಸ್. ಕೃಷ್ಣಮೂರ್ತಿ ಅಜ್ಜನ ನೆನಪಿನ ಪುಸ್ತಕವನ್ನು ಇಂಗ್ಲಿಷಿಗೆ ತಂದರು. ಅಜ್ಜ ಬರೆದಿಟ್ಟರು, ಮೊಮ್ಮಕ್ಕಳು ಕೈಬಿಡಲಿಲ್ಲ. ಇದರಲ್ಲಿ ಒಂದು ತಪ್ಪಿದ್ದರೂ ಅರ್ಧ ಕಳೆದುಹೋಗುತ್ತಿತ್ತು.

ನಮ್ಮಲ್ಲಿ ಹೇಗೆ?

ನಮ್ಮ ಕಡೆ ಆಸ್ಥಾನ ವಿದ್ವಾಂಸರ ಮನೆ ಇಲ್ಲದಿರಬಹುದು. ಆದರೆ ಯಕ್ಷಗಾನ ಭಾಗವತರ ಪ್ರಸಂಗದ ಪ್ರತಿ, ಭಜನಾ ಮಂಡಳಿಯ ಹಾಡಿನ ಪುಸ್ತಕ, ಇಗರ್ಜಿಯ ಗಾಯನ ತಂಡದ ಕೊಂಕಣಿ ಗೀತೆಗಳ ನೋಟ್‌ಬುಕ್, ಅಜ್ಜಿ ಹೇಳಿ ಬರೆಸಿದ ಪಾಡ್ದನ ಇಂಥದ್ದು ಅಟ್ಟದ ಪೆಟ್ಟಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಉಂಟು. ಹಿರಿಯರು ಹೋದ ಮೇಲೆ, ಮನೆ ರಿಪೇರಿ ಸಮಯದಲ್ಲಿ, ಅದೇ ಕಟ್ಟು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಗುಜರಿ ಅಂಗಡಿಯವರದ್ದು ಏನೂ ತಪ್ಪಿಲ್ಲ, ಅವರಿಗೆ ಅದು ಕಾಗದ. ಮನೆಯವರಿಗಾದರೂ ಅದು ಏನಂತ ಗೊತ್ತಿರಬೇಕಲ್ಲ?

ಜೂನ್ ಬಂತೆಂದರೆ ಮಳೆ, ತೇವ, ಬೂಷ್ಟು, ಗೆದ್ದಲು. ಅದಕ್ಕೆ ಮೊದಲು ಒಂದು ಭಾನುವಾರ ಪೆಟ್ಟಿಗೆ ಕೆಳಗಿಳಿಸಿ. ತುಕ್ಕು ಹಿಡಿದ ಪಿನ್ನು ತೆಗೆಯಿರಿ, ನೆಲಕ್ಕೂ ಗೋಡೆಗೂ ತಾಗದ ಹಾಗೆ ಒಣ ಜಾಗದಲ್ಲಿಡಿ. ಲ್ಯಾಮಿನೇಶನ್ ಬೇಡ. ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಬರೆದವರು ಯಾರು, ಯಾವ ವರ್ಷ, ಯಾರ ಹತ್ತಿರ ಕಲಿತದ್ದು ಅಂತ ಬೇರೆ ಚೀಟಿಯಲ್ಲಿ ಬರೆದು ಒಳಗಿಡಿ. ಹಾಡಿನ ಧಾಟಿ ಗೊತ್ತಿರುವ ಹಿರಿಯರು ಮನೆಯಲ್ಲಿದ್ದರೆ, ಅವರನ್ನು ಕೂರಿಸಿ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಕಾಗದ ಮುಂದಿನ ವರ್ಷವೂ ಸಿಗಬಹುದು, ಧಾಟಿ ಸಿಗುತ್ತದೆ ಅಂತ ಹೇಳಲಿಕ್ಕಾಗದು.