ನಿಂಬಾಳದ ಶ್ರೀ ರಾನಡೆಯವರು

ಧ್ಯಾನವೆಂಬುದು ಸಂಸಾರವನ್ನು ತೊರೆದವರ ಸೊತ್ತು, ಕಛೇರಿ ಅಂಗಡಿಗಳಲ್ಲಿ ಹಗಲನ್ನು ಕಳೆಯುವ ಗೃಹಸ್ಥನಿಗೆ ಅದು ದಕ್ಕತಕ್ಕದ್ದಲ್ಲ ಎಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಭಾವನೆಯು ಈಚೆಗೆ ಹಬ್ಬಿದೆ. ಹಣ ತೆತ್ತು ಒಂದು ವಾರ ಶಿಬಿರದಲ್ಲಿ ಕುಳಿತು ಬಂದರೆ ಮನಶ್ಶಾಂತಿಯು ಸಂತೆಯ ಸಾಮಾನಿನಂತೆ ಕೈಗೆ ಬರುವುದೆಂದು ಎಣಿಸುವವರು ಕಡಮೆಯಿಲ್ಲ. ವಿಶ್ವಸಂಸ್ಥೆಯು 2014ರಲ್ಲಿ ಜೂನ್ 21ನ್ನು ಯೋಗದ ದಿನವೆಂದೂ, 2024ರಲ್ಲಿ ಡಿಸೆಂಬರ್ 21ನ್ನು ಧ್ಯಾನದ ದಿನವೆಂದೂ ಸಾರಿದ ಮೇಲಂತೂ ಈ ಮಾತು ಎಲ್ಲರ ಬಾಯಲ್ಲಿದೆ. ಎರಡು ಭಾವನೆಗಳೂ ತಪ್ಪೆಂಬುದನ್ನು ಬದುಕಿ ತೋರಿಸಿದ ಕನ್ನಡನಾಡಿನ ಮಹನೀಯರೊಬ್ಬರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ನಮ್ಮ ಸೀಮೆಯವರಿಗೆ ಯೋಗವೆಂದೊಡನೆ ನೆನಪಿಗೆ ಬರುವುದು ನೆರೆಯ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ. 1943ರಲ್ಲಿ ಅಲ್ಲಿ ಅನಾಥಸೇವಾಶ್ರಮವನ್ನು ಸ್ಥಾಪಿಸಿ, ತಿರುಕನೆಂಬ ಹೆಸರಿನಿಂದ ಬರೆಯುತ್ತ, ಜೋಳಿಗೆ ಹಿಡಿದು ಬೇಡಿ ಶಾಲೆ ಆಸ್ಪತ್ರೆಗಳನ್ನು ಕಟ್ಟಿಸಿ, 1996ರಲ್ಲಿ ಕಾಲವಾದ ಶ್ರೀ ರಾಘವೇಂದ್ರ ಸ್ವಾಮಿಗಳು ಆಸನ ಪ್ರಾಣಾಯಾಮಗಳನ್ನು ಊರೂರಿನಲ್ಲಿ ಕಲಿಸಿದರು. ದೇಹವನ್ನು ಹದಗೊಳಿಸುವ ಬಗೆಯನ್ನು ಈ ಜಿಲ್ಲೆಯವರು ಆ ಪುಣ್ಯಾತ್ಮರಿಂದ ಅರಿತರು. ಆದರೆ ಬೆನ್ನು ನೆಟ್ಟಗೆ ಮಾಡಿ ಕುಳಿತಾದ ಮೇಲೆ ಮನಸ್ಸನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಆಯುಷ್ಯವನ್ನೇ ಉತ್ತರವಾಗಿ ಕೊಟ್ಟವರನ್ನು ಕಾಣಬೇಕಾದರೆ ಸ್ವಲ್ಪ ದೂರ ಹೋಗಬೇಕು. ಹೊಸದುರ್ಗ ರಸ್ತೆಯ ನಿಲ್ದಾಣದ ಮುಂದೆ ಹಾದುಹೋಗುವ ರೈಲುದಾರಿಯಲ್ಲಿ ಹುಬ್ಬಳ್ಳಿಯನ್ನು ಸೇರಿ, ಅಲ್ಲಿಂದ ಗದಗು ವಿಜಯಪುರಗಳ ಮೇಲೆ ಸೊಲ್ಲಾಪುರದ ಕಡೆಗೆ ನಡೆದರೆ, ವಿಜಯಪುರವನ್ನು ದಾಟಿದ ಮೇಲೆ ಬಯಲಿನ ನಡುವೆ ನಿಂಬಾಳವೆಂಬ ಚಿಕ್ಕ ನಿಲ್ದಾಣವು ಸಿಕ್ಕುತ್ತದೆ. ಗುರುದೇವರೆಂದು ಜನರು ಕರೆದ ಪ್ರೊಫೆಸರ್ ರಾಮಚಂದ್ರ ದತ್ತಾತ್ರೇಯ ರಾನಡೆಯವರು ನೆಲೆಸಿದ್ದ ಸ್ಥಳವು ಅದೇ.

ಶ್ರೀ ರಾನಡೆಯವರು ಹುಟ್ಟಿದ್ದು 1886ನೆಯ ಇಸವಿ ಜುಲೈ 3ರಂದು, ಅಂದು ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ. ಅಲ್ಲಿಯ ಶಾಲೆಯಲ್ಲಿ ಓದುತ್ತಿದ್ದಾಗಲೇ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ಅವರಿಗೆ ನಾಮೋಪದೇಶವಾಯಿತು. ಆಗ ವಯಸ್ಸು ಹದಿನೈದು. ಮರುವರ್ಷ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉಚ್ಚಸ್ಥಾನವನ್ನು ಪಡೆದು, ಸಂಸ್ಕೃತಕ್ಕಾಗಿ ಮೀಸಲಾದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವನ್ನು ಗಳಿಸಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಜಪಕ್ಕೆ ಕುಳಿತ ಹುಡುಗನು ಪುಸ್ತಕವನ್ನು ಮೂಲೆಗೆಸೆಯುವನೆಂದು ಅಂಜುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಅವರು ಪ್ರವೇಶಿಸಿದ ಪರಂಪರೆಯ ವಿಷಯವಾಗಿ ಒಂದೆರಡು ಮಾತು ಅವಶ್ಯ. ಅದರ ಮೂಲಪುರುಷರು ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರು. ಲಿಂಗಾಯತರು, ದುಡಿದು ಉಣ್ಣುತ್ತಿದ್ದ ಗೃಹಸ್ಥರು, ತಿಳಿಗನ್ನಡದಲ್ಲಿ ಉಪದೇಶ ಮಾಡಿದವರು. ಅವರ ಬೋಧೆಯು ಬೋಧಸುಧೆ ಎಂಬ ಹೆಸರಿನಲ್ಲಿ ಉಳಿದಿದೆ. ಅವರ ಬಳಿ ಬಂದ ಭಾವೂಸಾಹೇಬರು ಬ್ರಾಹ್ಮಣ ದೇಶಪಾಂಡೆ ಮನೆತನದವರು. ಜಾತಿಯ ಲೆಕ್ಕದಲ್ಲಿ ಒಬ್ಬರ ಹೊಸ್ತಿಲನ್ನೊಬ್ಬರು ತುಳಿಯಲು ಹಿಂಜರಿಯುತ್ತಿದ್ದ ಆ ಕಾಲದಲ್ಲಿ ದೇಶಪಾಂಡೆಯವರು ಲಿಂಗಾಯತ ಗುರುವಿನ ಪಾದಕ್ಕೆ ತಲೆಬಾಗಿದರು. ಇದನ್ನು ಅವರಾರೂ ದೊಡ್ಡ ಸುಧಾರಣೆಯೆಂದು ಡಂಗುರ ಹೊಡೆಯಲಿಲ್ಲ. ಭಾವೂಸಾಹೇಬರು ಇಂಚಗೇರಿಯಲ್ಲಿ ಮಠವನ್ನು ಕಟ್ಟಿ 1914ರಲ್ಲಿ ತೀರಿಕೊಂಡರು. ಅವರ ತರುವಾಯ ಜಿಗಜೇವಣಿಯೆಂಬ ಹಳ್ಳಿಯ ಅಂಬುರಾವ್ ಮಹಾರಾಜರು ಪರಂಪರೆಯನ್ನು ನಡೆಸಿದರು. ವಿಶ್ವವಿದ್ಯಾಲಯದ ಪದವಿಗಳನ್ನು ಪಡೆದಿದ್ದ ರಾನಡೆಯವರು 1933ರಲ್ಲಿ ಅಂಬುರಾವ್ ಮಹಾರಾಜರು ದೇಹ ಬಿಡುವವರೆಗೂ ಅವರಿಗೆ ವಿನೀತರಾಗಿಯೇ ನಡೆದುಕೊಂಡರು.

ಈ ಪರಂಪರೆಯ ಧ್ಯಾನಕ್ರಮವು ಬಹಳ ಸರಳ, ಸರಳವಾದುದರಿಂದಲೇ ಕಠಿಣ. ಗುರುವು ಕೊಟ್ಟ ನಾಮವನ್ನು ಬಾಯಿಬಿಟ್ಟು ಉಚ್ಚರಿಸದೆ, ಉಸಿರಿನ ಏರಿಳಿತಕ್ಕೆ ಹೊಂದಿಸಿ, ಒಳಗೊಳಗೇ ನೆನೆಯುತ್ತಿರುವುದು. ಇಷ್ಟೇ. ಮನಸ್ಸು ಬರಿದಾಗಿ ನಿಲ್ಲಲಾರದು, ಅದಕ್ಕೆ ಹಿಡಿಯಲು ಏನಾದರೊಂದು ಬೇಕು. ಉಸಿರಾದರೋ ನಾವು ಮರೆತಾಗಲೂ ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಓಡುವ ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ ನಾಮವನ್ನು ಉಸಿರಿಗೆ ಕಟ್ಟಿದರೆ ಮನಸ್ಸು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಇದನ್ನು ಅವರು ಪಿಪೀಲಿಕಾಮಾರ್ಗವೆಂದು ಕರೆದರು. ಇರುವೆಯು ಬುಡದಿಂದ ಹೊರಟು ಕಾಂಡ ಕೊಂಬೆಗಳನ್ನು ಹತ್ತಿ ಹಣ್ಣನ್ನು ಮುಟ್ಟುವಂತೆ ನಿಧಾನವಾಗಿ ಸಾಗುವ ದಾರಿ ಇದು. ಭಾವೂಸಾಹೇಬರ ಇನ್ನೊಬ್ಬ ಶಿಷ್ಯರಾದ ಸಿದ್ಧರಾಮೇಶ್ವರ ಮಹಾರಾಜರು ಹಕ್ಕಿಯಂತೆ ನೇರವಾಗಿ ಹಾರಿ ಹಣ್ಣಿನ ಮೇಲೆ ಕೂರುವ ವಿಹಂಗಮಮಾರ್ಗವನ್ನು, ಎಂದರೆ ವಿಚಾರದ ದಾರಿಯನ್ನು, ಬೋಧಿಸಿದರು. ಅವರ ಶಿಷ್ಯರೇ ಮುಂಬಯಿಯ ಬೀಡಿ ಅಂಗಡಿಯ ನಿಸರ್ಗದತ್ತ ಮಹಾರಾಜರು. 1981ರಲ್ಲಿ ತೀರಿಕೊಂಡ ಅವರ ಮಾತುಗಳನ್ನು ಇಂದು ಅಮೆರಿಕ ಯೂರೋಪುಗಳಲ್ಲಿಯೂ ಓದುತ್ತಾರೆ. ರಾನಡೆಯವರು ಮಾತ್ರ ಇರುವೆಯ ದಾರಿಯನ್ನು ಬಿಡಲಿಲ್ಲ. ರೆಕ್ಕೆಯಿಲ್ಲದ ನಮ್ಮಂಥವರಿಗೆ ಅದೇ ಲೇಸೆಂದು ನಮ್ಮ ಅಭಿಪ್ರಾಯ.

ಪ್ರಾರಂಭಿಸುವ ಬಗೆ ಹೇಗೆಂದು ಕೇಳುವವರು ಉಂಟು. ರಾನಡೆಯವರ ಸಂಪ್ರದಾಯದಲ್ಲಿ ಗುರುವಿತ್ತ ನಾಮಕ್ಕೇ ಪ್ರಾಧಾನ್ಯ. ಸ್ವಂತವಾಗಿ ಆರಿಸಿಕೊಂಡುದಕ್ಕೆ ಆ ಶಕ್ತಿಯಿಲ್ಲವೆಂದು ಅವರು ತಿಳಿಯುತ್ತಿದ್ದರು. ಹಾಗೆಂದು ಗುರು ಸಿಕ್ಕುವ ತನಕ ಕೈಕಟ್ಟಿ ಕೂರಬೇಕೆಂದಿಲ್ಲ. ಮನೆದೇವರ ಹೆಸರು ಎಲ್ಲರಿಗೂ ಉಂಟು; ಲಿಂಗಧಾರಿಗಾದರೆ ಅಂಗೈಯ ಮೇಲೆ ದೃಷ್ಟಿ ನಿಲ್ಲಿಸಲು ಇಷ್ಟಲಿಂಗವೇ ಇದೆ. ದೇವರಲ್ಲಿ ನಂಬಿಕೆಯಿಲ್ಲದವನು ಬರಿಯ ಉಸಿರನ್ನೇ ಲಕ್ಷಿಸಬಹುದು. ಮುಖ್ಯವಾದುದು ವೇಳೆ. ಬೆಳಗಿನ ಹೊತ್ತು, ಊಟಕ್ಕೆ ಮುಂಚೆ, ದಿನವೂ ಅದೇ ಜಾಗದಲ್ಲಿ, ಮೊದಮೊದಲು ಹತ್ತು ಹದಿನೈದು ನಿಮಿಷ ಸಾಕು. ಒಂದು ದಿನ ಎರಡು ಗಂಟೆ ಕುಳಿತು ಮೂರು ದಿನ ಬಿಡುವುದರಿಂದ ಪ್ರಯೋಜನವಿಲ್ಲ. ನೆಲದ ಮೇಲೆ ಕೂರಲಾರದ ವೃದ್ಧರು ಕುರ್ಚಿಯ ಮೇಲೆ ಕೂರಲಿ. ಮನಸ್ಸು ಸಾಲದ ಲೆಕ್ಕಕ್ಕೋ ನ್ಯಾಯಾಲಯದ ವಾಯಿದೆಗೋ ಓಡಿದರೆ ಅದರೊಡನೆ ಜಗಳವಾಡಬೇಕಾಗಿಲ್ಲ, ಓಡಿತೆಂದು ತಿಳಿದೊಡನೆ ಹಿಂದಕ್ಕೆ ಕರೆತಂದರೆ ಸರಿ. ಹೀಗೆ ನೂರು ಸಲ ಕರೆತರುವುದೇ ಅಭ್ಯಾಸವು. ಕಳವಳವೂ ಉದ್ವೇಗವೂ ಇದರಿಂದ ತಗ್ಗುವುದೆಂಬುದನ್ನು ಇಂದಿನ ವೈದ್ಯರೂ ಬಹುಮಟ್ಟಿಗೆ ಒಪ್ಪುತ್ತಾರೆ. ಆದರೆ ಮದ್ದನ್ನು ನಿಲ್ಲಿಸಿ ಜಪಕ್ಕೆ ಕೂರುವುದು ಅವಿವೇಕ.

ಕಾಯಿಲೆಯ ಮಾತನ್ನು ಹೇಳಲು ಕಾರಣವುಂಟು. ರಾನಡೆಯವರು 1907ರಲ್ಲಿ ಬಿ.ಎ. ಮುಗಿಸಿದರು, ಎಂ.ಎ. ಪದವಿ ದೊರೆತದ್ದು 1914ರಲ್ಲಿ. ನಡುವಣ ಏಳು ವರ್ಷಗಳ ಅವಧಿಯಲ್ಲಿ ಅವರಿಗೆ ಪ್ರಾಣಾಂತಿಕವಾದ ವ್ಯಾಧಿಯು ತಗುಲಿತ್ತು. ಬುದ್ಧಿಯಿಂದಲೇ ಬಾಳಬೇಕಾದ ತರುಣನಿಗೆ ದೇಹವು ಹೀಗೆ ಕೈಕೊಟ್ಟಾಗ ಆಗುವ ದಿಗಿಲನ್ನು ಊಹಿಸಿಕೊಳ್ಳಬಹುದು. ಅಲ್ಲಿಯವರೆಗೆ ನಿತ್ಯನೇಮವಾಗಿದ್ದ ನಾಮಸ್ಮರಣೆಯು ಅಂದಿನಿಂದ ಅವರಿಗೆ ಜೀವದ ಆಧಾರವಾಯಿತು. ದೇಹವು ಪೂರ್ಣ ಬಲಿಷ್ಠವಾಗಲಿಲ್ಲ. ಕೃಶಶರೀರಿಯಾಗಿಯೇ ಎಪ್ಪತ್ತು ವರ್ಷ ಬಾಳಿದರು. ಆದರೆ ಎಂ.ಎ. ಪರೀಕ್ಷೆಯಲ್ಲಿ ಛಾನ್ಸಲರರ ಸುವರ್ಣಪದಕವು ಅವರಿಗೇ ಬಂದಿತು. ಧ್ಯಾನವು ರೋಗವನ್ನು ಓಡಿಸಿತೆಂದು ನಾವು ಹೇಳುವುದಿಲ್ಲ. ಅದು ಕೊಟ್ಟದ್ದು ರೋಗದೊಡನೆ ಬಾಳುವ, ಬಾಳುತ್ತಲೇ ದುಡಿಯುವ ಸ್ಥೈರ್ಯವನ್ನು.

ಆಮೇಲಿನದು ದುಡಿಮೆಯ ಚರಿತ್ರೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಸಾಂಗ್ಲಿಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ಅಧ್ಯಾಪನ, ಇಪ್ಪತ್ತರ ದಶಕದ ಕೊನೆಯಿಂದ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರೊಫೆಸರಿಕೆ, ಕೆಲಕಾಲ ಅಲ್ಲಿಯೇ ವೈಸ್ ಛಾನ್ಸಲರ್ ಪದವಿ, 1946ರಲ್ಲಿ ನಿವೃತ್ತಿ. 1926ರಲ್ಲಿ ಉಪನಿಷತ್ತುಗಳ ತತ್ತ್ವವನ್ನು ಕುರಿತ ಇಂಗ್ಲಿಷ್ ಗ್ರಂಥವೂ, 1927ರಲ್ಲಿ ಬೆಳವಲಕರರೊಡನೆ ಬರೆದ ಭಾರತೀಯ ತತ್ತ್ವಶಾಸ್ತ್ರ ಚರಿತ್ರೆಯ ಸಂಪುಟವೂ, 1933ರಲ್ಲಿ ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತ ಗ್ರಂಥವೂ ಪ್ರಕಟವಾದವು. ಈ ಚರಿತ್ರೆಯನ್ನು 16 ಸಂಪುಟಗಳಲ್ಲಿ ತರಬೇಕೆಂಬ ಸಂಕಲ್ಪವಿತ್ತು, ಬಂದವು ಕೆಲವೇ. ಪಾಠವಾಗುತ್ತಲೇ ಏಕಾಂತಕ್ಕೆ, ರಜೆ ಬರುತ್ತಲೇ ಸಾವಿರ ಮೈಲಿಯ ಸಮೀಪದ ದಾರಿಯನ್ನು ಸವೆಸಿ ನಿಂಬಾಳಕ್ಕೆ. ಇದು ಅವರ ಕ್ರಮ. ಸಂಬಳದ ಕೆಲಸಕ್ಕೆ ಲೋಪ ಬರಲಿಲ್ಲ, ಧ್ಯಾನಕ್ಕೂ ಬರಲಿಲ್ಲ. ಬಿಡುವಿಲ್ಲವೆಂದು ಹೇಳುವ ನಮ್ಮ ಅಧಿಕಾರಿಗಳು ಒಂದು ವಿಶ್ವವಿದ್ಯಾಲಯದ ಆಡಳಿತಕ್ಕಿಂತ ಹೆಚ್ಚಿನ ಹೊರೆಯನ್ನು ಹೊತ್ತಿದ್ದಾರೆಯೆ?

ಧ್ಯಾನದಲ್ಲಿ ಬೆಳಕು ಕಂಡಿತು, ನಾದ ಕೇಳಿತು ಎನ್ನುವವರ ವಿಷಯದಲ್ಲಿ ಅವರ ನಿಲುವು ಗಮನಾರ್ಹವಾದುದು. ಅಂಥ ಅನುಭವಗಳನ್ನು ಅವರು ಅಲ್ಲಗಳೆಯಲಿಲ್ಲ. ಉಪನಿಷತ್ತುಗಳಲ್ಲಿಯೂ ಸಂತರ ವಾಣಿಯಲ್ಲಿಯೂ ಅವನ್ನು ಹುಡುಕಿ ಹುಡುಕಿ ಕೂಡಿಹಾಕಿದರು. ಆದರೆ ಅವನ್ನು ಒರೆಗೆ ಹಚ್ಚಬೇಕೆಂದರು. ಅನುಭಾವಿಯ ಬುದ್ಧಿ ಮಂಕಾಗಿರಕೂಡದು, ಯಾಜ್ಞವಲ್ಕ್ಯ ಶಂಕರ ಜ್ಞಾನದೇವರಂತೆ ಹರಿತವಾಗಿರಬೇಕು. ಅವನ ಅನುಭವವು ಬೇರೆ ದೇಶ ಬೇರೆ ಮತಗಳ ಸಂತರ ಅನುಭವಕ್ಕೆ ತಾಳೆಯಾಗಬೇಕು. ಎಲ್ಲಕ್ಕೂ ಮಿಗಿಲಾಗಿ ಅವನ ನಡತೆಯು ಶುದ್ಧವಾಗುತ್ತ ಹೋಗಬೇಕು. ಎರಡು ಗಂಟೆ ಕಣ್ಣುಮುಚ್ಚಿ ಕುಳಿತೆದ್ದವನು ಕಛೇರಿಗೆ ಹೋಗಿ ರೈತನ ಕೈಯಿಂದ ಲಂಚ ಪಡೆದರೆ ಅವನು ಕಂಡ ಬೆಳಕು ಯಾವುದೆಂದು ನಾವೇ ತಿಳಿಯಬಹುದು.

ನಮ್ಮದೊಂದು ಅಸಮಾಧಾನವುಂಟು. ಮರಾಠಿಗರು ರಾನಡೆಯವರನ್ನು ತಮ್ಮವರೆಂದು ಹೆಮ್ಮೆಯಿಂದ ಎಣಿಸುತ್ತಾರೆ. ಹಿಂದಿಯ ಸಂತರನ್ನು ಕುರಿತ ಅವರ ಗ್ರಂಥವು 1954ರಲ್ಲಿ ಬಂದುದರಿಂದ ಉತ್ತರದವರೂ ಬಲ್ಲರು. ಕನ್ನಡಿಗರಾದ ನಾವು, ಅದರಲ್ಲೂ ತುಂಗಭದ್ರೆಯ ಈಚೆಯವರು, ಅವರ ಹೆಸರನ್ನು ಕೇಳಿರುವುದೇ ವಿರಳ. ಬಸವಾದಿ ಶರಣರನ್ನೂ ದಾಸರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ, ಅವರೆಲ್ಲರೂ ನಡೆದ ಸಾಧನೆಯ ದಾರಿ ಒಂದೇ ಎಂದು ಅವರು ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲಿ ವಿವರಿಸಿದರು. ಮಠಮಠಗಳ ನಡುವೆ ಗೋಡೆ ಎಬ್ಬಿಸುತ್ತಿರುವವರು ಅದನ್ನು ಒಮ್ಮೆ ಓದಿದರೆ ಒಳ್ಳೆಯದು.

ಕರ್ನಾಟಕದ ಏಕೀಕರಣವಾದ ಮರುವರ್ಷ, 1957ರ ಜೂನ್ 6ರಂದು, ಶ್ರೀ ರಾನಡೆಯವರು ನಿಂಬಾಳದಲ್ಲಿ ದೇಹವನ್ನು ಬಿಟ್ಟರು. ಕನ್ನಡ ಸಾಹಿತ್ಯದಲ್ಲಿಯ ದೇವರ ದಾರಿಯನ್ನು ಕುರಿತ ಆ ಉಪನ್ಯಾಸಗಳು 1960ರಲ್ಲಿ ಪುಸ್ತಕವಾಗಿ ಹೊರಬಂದವು. ಅದೂ ಇಂಗ್ಲಿಷಿನಲ್ಲಿಯೇ ಇದೆ.