ಕಳಸದ ಗುರು, ಶಿಶುನಾಳದ ಶಿಷ್ಯ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನಲ್ಲಿ ಕಳಸವೆಂಬುದೊಂದು ಹಳ್ಳಿ; ನೆರೆಯ ಶಿಗ್ಗಾಂವಿ ತಾಲೂಕಿನಲ್ಲಿ ಶಿಶುವಿನಹಾಳವೆಂಬುದು ಇನ್ನೊಂದು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದಂದಿನಿಂದ ಕಾಗದಪತ್ರಗಳಲ್ಲಿ ಇವೆರಡೂ ಬೇರೆ ಬೇರೆ ಜಿಲ್ಲೆಗಳ ಊರುಗಳಾಗಿವೆ. ಆದರೆ ಜೋಳ ಹತ್ತಿಗಳ ಎರೆಹೊಲಗಳಿಗೆ ಆ ಗಡಿಯ ಪರಿವೆಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊಲಗಳ ನಡುವಣ ಕಾಲುದಾರಿಯಲ್ಲಿ ಒಬ್ಬ ಬ್ರಾಹ್ಮಣನೂ ಅವನ ಹಿಂದೆ ಒಬ್ಬ ಮುಸಲ್ಮಾನ ತರುಣನೂ ನಡೆದುಹೋಗುತ್ತಿದ್ದುದನ್ನು ಜನ ಕಂಡರು. ಕಂಡು ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಆ ಬ್ರಾಹ್ಮಣರೇ ಕಳಸದ ಗೋವಿಂದಭಟ್ಟರು. ಆ ತರುಣನೇ ಮುಂದೆ ಸಂತ ಶಿಶುನಾಳ ಶರೀಫರೆಂದು ನಾಡೆಲ್ಲ ನೆನೆಯುವ ಮಹನೀಯರು.

ಶರೀಫರ ಹೆಸರನ್ನೆತ್ತಿದೊಡನೆ ಭಾವೈಕ್ಯದ ಹರಿಕಾರ, ಕನ್ನಡದ ಕಬೀರ ಎಂಬ ವಿಶೇಷಣಗಳು ನಮ್ಮ ವೇದಿಕೆಗಳ ಮೇಲೆ ತಾವಾಗಿಯೇ ಹೊರಡುತ್ತವೆ. ಅವು ಸುಳ್ಳಲ್ಲ. ಆದರೂ ಭಾವೈಕ್ಯವೆಂಬುದು ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವಷ್ಟು ಸುಲಭದ ಸಂಗತಿಯೆಂಬ ಭ್ರಮೆಯನ್ನು ಅವು ಹುಟ್ಟಿಸುತ್ತವೆ. ಆ ಗುರುಶಿಷ್ಯರು ತಮ್ಮ ನಂಬುಗೆಗಾಗಿ ತೆತ್ತ ಬೆಲೆ ಏನು, ಅದನ್ನು ತೆರುವಾಗ ಅವರ ಪಕ್ಕದಲ್ಲಿ ಎಷ್ಟು ಜನ ನಿಂತಿದ್ದರು ಎಂಬುದನ್ನು ವಿಚಾರಿಸದೆ ಆ ಜೀವನದ ಅರ್ಥ ಕೈಗೆ ಹತ್ತುವುದಿಲ್ಲ.

ಪೇಶವೆಯರ ಆಳಿಕೆ 1818ರಲ್ಲಿ ಮುಗಿದು ಧಾರವಾಡ ಸೀಮೆ ಕುಂಪಣಿಯ ಕೈಸೇರಿತು. ಅದರ ಮರುವರ್ಷ, 1819ರಲ್ಲಿ, ಶಿಶುವಿನಹಾಳದ ಇಮಾಮ ಸಾಹೇಬರಿಗೂ ಹಜ್ಜೂಮಾ ತಾಯಿಗೂ ಒಂದು ಗಂಡು ಮಗುವಾಯಿತು. ಬಹುಕಾಲ ಮಕ್ಕಳಿಲ್ಲದ ಆ ದಂಪತಿಗಳು ಹುಲಗೂರಿನ ಖಾದರಶಾವಲಿಯ ದರ್ಗೆಗೆ ಹರಕೆ ಹೊತ್ತು ಪಡೆದ ಕೂಸು ಅದೆಂದು ಹೇಳಿಕೆಯಿದೆ. ಇಮಾಮ ಸಾಹೇಬರು ಹುಲಗೂರಿನ ಸೂಫಿ ಪರಂಪರೆಗೆ ನಡೆದುಕೊಂಡವರು. ಮಗನಿಗೆ ರಾಮಾಯಣ ಭಾರತಗಳ ಕಥೆಗಳನ್ನು ಹೇಳುತ್ತಿದ್ದವರು. ಅದೇ ಶಿಗ್ಗಾಂವಿ ಸೀಮೆಯ ಬಾಡದಲ್ಲಿ ಹಿಂದೊಮ್ಮೆ ಕನಕದಾಸರು ಜನಿಸಿದ್ದರೆಂಬುದನ್ನು ವಾಚಕರು ನೆನೆಯಬಹುದು. ಆ ಮಣ್ಣಿಗೆ ಇಂಥ ಮಕ್ಕಳು ಹೊಸಬರಲ್ಲ.

ಹುಡುಗ ಓದಿನಲ್ಲಿ ಚುರುಕಾಗಿದ್ದನು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಂಡಿಗನಾಳ, ಎರೇಬೂದಿಹಾಳ, ಗುಂಜಳ ಮೊದಲಾದ ಹಳ್ಳಿಗಳಲ್ಲಿ ಶಾಲೆಯ ಮಾಸ್ತರನಾಗಿ ದುಡಿದನು. ಮುಲ್ಕಿ ಪಾಸಾದ ಮಾಸ್ತರನೆಂದರೆ ಆ ಕಾಲದ ಹಳ್ಳಿಯಲ್ಲಿ ಸಾಮಾನ್ಯ ಮರ್ಯಾದೆಯಲ್ಲ. ಊರಿನ ಕಾಗದ ಓದುವವನು ಅವನೇ, ಬರೆಯುವವನೂ ಅವನೇ. ತಿಂಗಳಿಗೊಮ್ಮೆ ತಪ್ಪದೆ ಕೈಗೆ ಬರುವ ಪಗಾರವೂ ಅವನೊಬ್ಬನದೇ. ಆ ಆಸರೆಯನ್ನು ಶರೀಫರು ತಾವಾಗಿ ಬಿಟ್ಟುಕೊಟ್ಟರು. ಪಾಠ ಹೇಳುವ ವೃತ್ತಿಯಲ್ಲಿರುವ ನಮ್ಮಂಥವರು ಈ ಸಂಗತಿಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುವುದುಂಟು. ತಿಂಗಳ ಮೊದಲ ತಾರೀಖನ್ನು ಕಾಯುವವರಿಗೆ ಅದರ ಭಾರ ತಿಳಿಯದಿರದು. ಅವರ ಮನಸ್ಸು ಬಯಲಾಟದ ಕಡೆಗೆ, ಭಜನೆಯ ಕಡೆಗೆ, ಅದಕ್ಕೂ ಮಿಗಿಲಾಗಿ ಒಬ್ಬ ಗುರುವಿನ ಕಡೆಗೆ ಎಳೆಯುತ್ತಿತ್ತು.

ಗೋವಿಂದಭಟ್ಟರು ಶಾಸ್ತ್ರ ಬಲ್ಲವರು, ದೇವಿಯ ಉಪಾಸಕರು. ಆಚಾರದ ವಿಷಯದಲ್ಲಿ ಮಾತ್ರ ಊರಿನ ಬ್ರಾಹ್ಮಣರಿಗೆ ದೊಡ್ಡ ತಲೆನೋವು. ಯಾರ ಮನೆಯಲ್ಲಾದರೂ ಕೂಡುವರು, ಯಾರು ಕೊಟ್ಟರೂ ಉಣ್ಣುವರು, ಮನಸ್ಸು ಬಂದತ್ತ ಹೊರಟುಬಿಡುವರು. ಇಮಾಮ ಸಾಹೇಬರಿಗೂ ಅವರಿಗೂ ಮೊದಲೇ ಸ್ನೇಹವಿತ್ತು. ಗುರುಶಿಷ್ಯರ ಮೊದಲ ಭೇಟಿಯ ಕಥೆಯನ್ನು ಆ ಕಡೆಯ ಮುದುಕರು ಇಂದಿಗೂ ಹೇಳುತ್ತಾರೆ. ಭಟ್ಟರು ಹುಡುಗನನ್ನು ನೋಡಿ ಅವನ ತಂದೆ ಯಾರೆಂದು ಕೇಳಿದರಂತೆ. ತನಗೂ ಅವರಿಗೂ ತಂದೆ ಒಬ್ಬನೇ ಎಂಬ ಅರ್ಥದ ಉತ್ತರ ಹುಡುಗನಿಂದ ಬಂತು. ಸುತ್ತ ಇದ್ದವರು ಅದನ್ನು ಉದ್ಧಟತನವೆಂದು ಬಗೆದರು. ಭಟ್ಟರಾದರೋ ತಾವು ಹುಡುಕುತ್ತಿದ್ದ ನೆಲ ದೊರೆಯಿತೆಂದು ಹಿಗ್ಗಿದರು. ಕಥೆ ಹೇಳುವವರ ಬಾಯಲ್ಲಿ ಇದಕ್ಕೆ ಬಣ್ಣ ಏರಿರಬಹುದು. ಬಣ್ಣವನ್ನು ಕಳೆದು ನೋಡಿದರೂ ಉಳಿಯುವ ಸತ್ಯವಿಷ್ಟು: ಒಬ್ಬ ವೈದಿಕ ಬ್ರಾಹ್ಮಣರು ಮುಸಲ್ಮಾನರ ಹುಡುಗನನ್ನು ಮುಚ್ಚುಮರೆಯಿಲ್ಲದೆ ಶಿಷ್ಯನನ್ನಾಗಿ ಸ್ವೀಕರಿಸಿದರು.

ಮುಂದಿನ ಸಂಗತಿ ಇನ್ನೂ ಕಠಿಣವಾದುದು. ಗುರು ಶಿಷ್ಯನ ಕೊರಳಿಗೆ ಜನಿವಾರ ಹಾಕಿದರು. ಶರೀಫರು ಇದನ್ನು ಗುಟ್ಟಾಗಿಡಲಿಲ್ಲ. ತಮಗೆ ಗುರು ಜನಿವಾರ ಹಾಕಿದುದನ್ನು ಕುರಿತು ಪದವನ್ನೇ ಕಟ್ಟಿ ಹಾಡಿದರು. ಬ್ರಾಹ್ಮಣರಿಗೆ ಇದು ತಮ್ಮ ಸಂಸ್ಕಾರಕ್ಕೆ ಬಗೆದ ದ್ರೋಹವಾಗಿ ಕಂಡಿತು. ಮುಸಲ್ಮಾನರಿಗೆ ತಮ್ಮವನೊಬ್ಬ ದಾರಿತಪ್ಪಿದನೆಂದು ತೋರಿತು. ಈ ಘಟನೆಯನ್ನು ವರ್ಣಿಸುವವರು ಶಿಷ್ಯನ ಧೈರ್ಯವನ್ನು ಕೊಂಡಾಡುತ್ತಾರೆ. ನಮ್ಮ ಎಣಿಕೆಯಲ್ಲಿ ಅಂದು ಹೆಚ್ಚು ಕಳೆದುಕೊಂಡವರು ಗುರುಗಳೇ. ಹುಟ್ಟಿನಿಂದ ಬಂದ ಪಂಕ್ತಿಯ ಸ್ಥಾನ, ಮಂತ್ರದ ಅಧಿಕಾರ, ನೆಂಟರಿಷ್ಟರ ಮನೆಯ ಬಾಗಿಲು ಇವೆಲ್ಲ ಅವರಿಗಿದ್ದವು. ಅವನ್ನು ಪಣಕ್ಕಿಟ್ಟವರು ಅವರು. ಅವರು ಸಭೆ ಸೇರಿಸಿ ಶಾಸ್ತ್ರಾರ್ಥ ಮಾಡಲಿಲ್ಲ, ಗ್ರಂಥ ಬರೆದು ತಮ್ಮ ನಡೆಯನ್ನು ಸಮರ್ಥಿಸಲಿಲ್ಲ. ಜಾತಿಯ ಕೋಪವನ್ನು ತಲೆಯ ಮೇಲೆ ಹೊತ್ತುಕೊಂಡು, ಆ ಹುಡುಗನನ್ನು ಕರೆದುಕೊಂಡು ಊರೂರು ತಿರುಗಿದರು. ಗೋವಿಂದಭಟ್ಟರಿಲ್ಲದಿದ್ದರೆ ಮಂಡಿಗನಾಳದ ಶಾಲೆಗೆ ಒಬ್ಬ ಒಳ್ಳೆಯ ಮಾಸ್ತರ ಉಳಿಯುತ್ತಿದ್ದ. ನಾಡಿಗೆ ಶರೀಫರು ದೊರೆಯುತ್ತಿರಲಿಲ್ಲ. ಶಿಷ್ಯನಿಗೂ ಇದು ತಿಳಿದಿತ್ತು. ಊರಿನ ಶಿಶುನಾಳಾಧೀಶನ ಅಂಕಿತವುಳ್ಳ ಅವರ ಪದಗಳಲ್ಲಿ ಗುರುಗೋವಿಂದನ ಹೆಸರು ಮತ್ತೆ ಮತ್ತೆ ಬರುತ್ತದೆ.

ಹಾಗೆಂದು ಶರೀಫರು ಜನಿವಾರ ಧರಿಸಿ ಹುಟ್ಟಿದ ಮತವನ್ನು ತೊರೆದವರಲ್ಲ. ಮೊಹರಮ್ಮಿನ ಅಲಾವಿಯ ಮುಂದೆ ಹಾಡುವ ರಿವಾಯತ ಪದಗಳನ್ನು ಕಟ್ಟಿಕೊಟ್ಟವರೂ ಅವರೇ. ಹುಲಗೂರಿನ ದರ್ಗೆ, ಊರ ಬಸವಣ್ಣನ ಗುಡಿ, ಎಲ್ಲಮ್ಮನ ಗುಡ್ಡ ಎಲ್ಲೆಡೆಗೂ ಅವರ ಪದ ನಡೆದಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದರೆ ಯಾವುದಾದರೊಂದು ಗುಂಪು ಅವರನ್ನು ಎತ್ತಿ ಆಡಿಸುತ್ತಿತ್ತು. ಎರಡನ್ನೂ ಹಿಡಿದುದರಿಂದ ಎರಡು ಕಡೆಯ ಸಂದೇಹಕ್ಕೂ ಪಾತ್ರರಾಗಿ ಬಾಳಬೇಕಾಯಿತು.

ತಂದೆತಾಯಿಗಳು ಮಗನ ಮನಸ್ಸು ಮನೆಯಲ್ಲಿ ನೆಲೆಸಲೆಂದು ಕುಂದಗೋಳದ ಫಾತಿಮಾ ಎಂಬ ಕನ್ಯೆಯನ್ನು ತಂದು ಮದುವೆ ಮಾಡಿದರು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಒಂದು ಹೆಣ್ಣುಮಗು ಹುಟ್ಟಿತು. ಆ ಸಂಸಾರ ಬಹಳ ದಿನ ಬಾಳಲಿಲ್ಲ. ಮಗುವೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ಶರೀಫರು ಮತ್ತೆ ಮದುವೆಯ ಮಾತೆತ್ತಲಿಲ್ಲ. ಹೆಂಡತಿ ತೀರಿದ ಮೇಲೆ ಮಾವನ ಮನೆಯ ಹಂಗು ಏತಕ್ಕೆಂದು ಕೇಳುವ ಪದವೊಂದನ್ನು ಅವರು ಹಾಡಿದ್ದಾರೆ. ಅದನ್ನು ಬರಿಯ ವೈರಾಗ್ಯದ ಪದವೆಂದು ವ್ಯಾಖ್ಯಾನಿಸುವವರಿದ್ದಾರೆ. ಅದರ ರಾಗವನ್ನು ಕೇಳಿದವರಿಗೆ ಬೇರೆಯೇ ತೋರುತ್ತದೆ: ಅಷ್ಟು ಪ್ರೀತಿಸಿದವನಲ್ಲದೆ ಅಷ್ಟು ಹರಿದುಕೊಂಡು ಮಾತಾಡಲಾರ.

ಅವರ ಪದಗಳ ಒಳಗುಟ್ಟೂ ಇಂಥದೇ. ಮೊದಲು ವಸ್ತು, ಆಮೇಲೆ ತತ್ತ್ವ. ಸೋರುವ ಮಾಳಿಗೆಯ ಪದವನ್ನು ತರಗತಿಯಲ್ಲಿ ಹೇಳುವಾಗ ಇಂದಿನ ವಿದ್ಯಾರ್ಥಿಗಳು ಅಜ್ಞಾನವೆಂಬ ಅರ್ಥಕ್ಕೆ ನೇರವಾಗಿ ಹಾರುತ್ತಾರೆ. ಮಾಳಿಗೆಯೆಂದರೇನೆಂದು ಅವರಲ್ಲಿ ಅನೇಕರಿಗೆ ತಿಳಿಯದು. ಈ ಸೀಮೆಯ ಹಳೆಯ ಮನೆಗಳ ಮೇಲೆ ಹಂಚಿಲ್ಲ. ತೊಲೆ ಜಂತೆಗಳ ಮೇಲೆ ಮಣ್ಣನ್ನೇ ಹಾಸಿ ತುಳಿದು ಮಾಡಿದ ಚಪ್ಪಟೆ ಮಾಳಿಗೆ. ಮಳೆಗಾಲಕ್ಕೆ ಮೊದಲೇ ಮೇಲೇರಿ ಬಿರುಕುಗಳಿಗೆ ಮಣ್ಣು ಹಾಕಿ ಗಟ್ಟಿಮಾಡಬೇಕು. ಅದನ್ನು ಮರೆತ ಮನೆಯವರು ಕಾರಿರುಳಿನಲ್ಲಿ ಮಳೆ ಹಿಡಿದಾಗ ಮೇಲೆ ಹತ್ತಲೂ ಆರದೆ, ಕೆಳಗೆ ಮಲಗಲೂ ಆರದೆ ಕುಳಿತಿರಬೇಕು. ಆ ರಾತ್ರಿಯ ಅನುಭವವಿಲ್ಲದವನಿಗೆ ಆ ಪದದ ಅರ್ಧ ಮಾತ್ರ ತಿಳಿಯುತ್ತದೆ. ಶ್ರುತಿಯರಿಯದ ತಂಬೂರಿಯವನು, ದಾರಿಯಲ್ಲಿ ಬೀಳಲಿರುವ ಮುದುಕಿ, ಆ ಕಾಲಕ್ಕೆ ಹೊಸದಾಗಿ ಬಂದ ಗಿರಣಿ ಎಲ್ಲವೂ ಅವರಿಗೆ ಪದದ ಬಿತ್ತನೆ. ಕೋಳಿಯು ಕೋಡಗವನ್ನು ನುಂಗಿದ ಬೆಡಗಿನ ಪದಕ್ಕೆ ಪಂಡಿತರು ಬರೆದ ಟೀಕೆಗಳಿಗೆ ಲೆಕ್ಕವಿಲ್ಲ. ಹಳ್ಳಿಯ ಮಕ್ಕಳು ಟೀಕೆಯ ಹಂಗಿಲ್ಲದೆ ಅದನ್ನು ಹಾಡಿ ನಗುತ್ತಾರೆ. ಶರೀಫರಿಗೆ ಎರಡರಲ್ಲಿ ಯಾವುದು ಹೆಚ್ಚು ಮೆಚ್ಚಿಗೆಯಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಈ ಪದಗಳು ಭಜನಾ ಮೇಳಗಳ ಬಾಯಿಂದ ಬಾಯಿಗೆ ಹರಿದು ಉಳಿದವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಿ. ಅಶ್ವತ್ಥರ ಕಂಠ ಅವನ್ನು ಹಳೆಯ ಮೈಸೂರಿನ ಮನೆಮನೆಗೂ ಮುಟ್ಟಿಸಿತು. 1990ರಲ್ಲಿ ನಾಗಾಭರಣರ ಚಲನಚಿತ್ರ ಬಂತು. ಅದರಲ್ಲಿ ಗೋವಿಂದಭಟ್ಟರಾದವರು ಗಿರೀಶ ಕಾರ್ನಾಡರು. ಗುರುವಿನ ಹೆಸರು ಶಿಷ್ಯನ ಹೆಸರಿನಷ್ಟೇ ದೂರ ಹರಡುವುದಕ್ಕೆ ಆ ಚಿತ್ರ ನೆರವಾಯಿತೆಂಬುದನ್ನು ಮರೆಯಲಾಗದು.

ಶರೀಫರ ಮೇಲೆ ಪವಾಡಗಳೂ ಬೇಕಾದಷ್ಟು ಹಬ್ಬಿವೆ. ಅವರ ಸಮಕಾಲೀನರಾದ ನವಲಗುಂದದ ನಾಗಲಿಂಗಯತಿಗಳ ಮೇಲೂ, ಹುಬ್ಬಳ್ಳಿಯ ಸಿದ್ಧಾರೂಢರ ಮೇಲೂ ಹಬ್ಬಿರುವಂತೆ. ಅವನ್ನು ಇಲ್ಲಿ ಬದಿಗಿಟ್ಟಿರುವುದು ಅಶ್ರದ್ಧೆಯಿಂದಲ್ಲ. ಕ್ರೈಸ್ತರಲ್ಲಿ ಒಬ್ಬನನ್ನು ಸಂತನೆಂದು ಸಾರುವುದಕ್ಕೆ ರೋಮಿನ ಧರ್ಮಸಭೆ ದೀರ್ಘ ವಿಚಾರಣೆ ನಡೆಸುತ್ತದೆ. ಪವಾಡಗಳ ಸಾಕ್ಷ್ಯವನ್ನೂ ಬೇಡುತ್ತದೆ. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಪಾದ್ರಿ ಕೆಳದಿಯ ಚೆನ್ನಮ್ಮಾಜಿಯ ಆಳಿಕೆಯ ಕಾಲದಲ್ಲಿ, 1681ರಿಂದ 1684ರ ವರೆಗೆ, ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದರು. ತರುವಾಯ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ ಭಿಕ್ಷುಕನ ವೇಷದಲ್ಲಿ ಹೊಕ್ಕು, ಸಿಡುಬಿನ ರೋಗಿಗಳ ಸೇವೆ ಮಾಡಿ, 1711ರಲ್ಲಿ ಕ್ಯಾಂಡಿಯಲ್ಲಿ ದೇಹವಿಟ್ಟರು. ಅವರಿಗೆ ಸಂತಪದವಿ ದೊರೆತುದು 2015ರಲ್ಲಿ. ಆಗ ಪೋಪ್ ಫ್ರಾನ್ಸಿಸರು ಎರಡನೆಯ ಪವಾಡದ ಸಾಕ್ಷ್ಯವನ್ನು ಕೇಳಲಿಲ್ಲ. ಆ ಬಾಳೇ ಸಾಕೆಂದರು. ಶಿಶುನಾಳದಲ್ಲಿ ಇಂಥ ವಿಚಾರಣೆಯ ಪೀಠವಾವುದೂ ಇಲ್ಲ. ಅಲ್ಲಿ ವಿಚಾರಣೆ ನಡೆದುದು ಶರೀಫರು ಸಾಯುವ ಹೊತ್ತಿನಲ್ಲಿ, ಅವರ ಹಾಸಿಗೆಯ ಪಕ್ಕದಲ್ಲಿ.

1889. ಶರೀಫರಿಗೆ ಎಪ್ಪತ್ತು ತುಂಬಿತು. ದೇಹ ಬಿಡುವ ದಿನ ಹತ್ತಿರವಾಯಿತೆಂದು ಅರಿತು, ಶರಣರ ಪದ್ಧತಿಯಂತೆ ತಮಗೆ ವಿಭೂತಿ ವೀಳ್ಯವಾಗಬೇಕೆಂದು ಬಯಸಿದರು. ಸಾಯುವವನನ್ನು ಪೂಜಿಸಿ ಅವನ ತಲೆಯ ಮೇಲೆ ಜಂಗಮರು ಪಾದವಿಡುವ ವಿಧಿ ಅದು. ಜಂಗಮರು ಹಿಂದೆಗೆದರು. ಮುಸಲ್ಮಾನನಿಗೆ ಈ ವಿಧಿ ಸಲ್ಲುವುದೆ ಎಂಬ ಶಂಕೆ ಒಂದು. ಇಂಥ ಮಹಾತ್ಮನ ತಲೆಯ ಮೇಲೆ ಕಾಲಿಡಲು ತಮಗೆ ಯೋಗ್ಯತೆಯೆಲ್ಲಿ ಎಂಬ ಅಳುಕೂ ಕೆಲವರಲ್ಲಿ ಇದ್ದಿರಬೇಕು. ಜೀವಮಾನವೆಲ್ಲ ಯಾವ ಗೋಡೆಯನ್ನು ಲೆಕ್ಕಿಸದೆ ನಡೆದಿದ್ದರೋ ಆ ಗೋಡೆ ಕೊನೆಯ ಗಳಿಗೆಯಲ್ಲಿ ಮತ್ತೆ ಎದುರು ನಿಂತಿತು. ಆಗ ಜನಿವಾರ ಹಾಕಿದ ಗುರುವಿನ ಕೈ ಪಕ್ಕದಲ್ಲಿರಲಿಲ್ಲ.

ಹಿರೇಮಠದ ಕರಿಬಸವಯ್ಯನವರು ಮುಂದೆ ಬಂದರು. ಅವರ ವಿಷಯ ಚರಿತ್ರೆಗಳಲ್ಲಿ ಹೆಚ್ಚೇನೂ ದೊರೆಯುವುದಿಲ್ಲ. ಈ ಒಂದು ಕೆಲಸದಿಂದಲೇ ಅವರ ಹೆಸರು ಉಳಿದಿದೆ. ಅವರು ವಿಧಿಯನ್ನು ನೆರವೇರಿಸಿ ಶರೀಫರ ತಲೆಯ ಮೇಲೆ ಪಾದವಿಟ್ಟರು. ಹುಟ್ಟಿದ ದಿನದಂದೇ ಶರೀಫರು ದೇಹ ಬಿಟ್ಟರೆಂದು ಹೇಳುತ್ತಾರೆ.

ಅಂತ್ಯಕ್ರಿಯೆಯ ಹೊತ್ತಿಗೆ ಎರಡೂ ಕಡೆಯವರು ನೆರೆದರು. ಒಂದು ಬದಿಯಲ್ಲಿ ಕುರಾನಿನ ಪಠಣ ನಡೆಯಿತು, ಇನ್ನೊಂದು ಬದಿಯಲ್ಲಿ ಮಂತ್ರಘೋಷ. ತಂದೆತಾಯಿಗಳು ಮಲಗಿದ್ದ ನೆಲದಲ್ಲೇ, ಅವರ ಪಕ್ಕದಲ್ಲಿ, ಮಗನಿಗೂ ಜಾಗ ಮಾಡಿದರು. ಈಗ ಅಲ್ಲಿ ಗದ್ದುಗೆಯಿದೆ; ಹಿಂದೂಗಳೂ ಮುಸಲ್ಮಾನರೂ ತಮತಮಗೆ ತಿಳಿದ ರೀತಿಯಲ್ಲಿ ಅದಕ್ಕೆ ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆ ಕೂಡುತ್ತದೆ. ಸುತ್ತಲಿನ ಹಳ್ಳಿಗಳಿಂದ ಬಂದ ಭಜನೆಯವರು ತಾಳ ದಮ್ಮಡಿಗಳನ್ನು ಹಿಡಿದು ಅಲ್ಲಿ ಕುಳಿತು ಹಾಡುತ್ತಾರೆ. ಅವರ ಹಾಡುಗಳಲ್ಲಿ ಶಿಶುನಾಳದ ಒಡೆಯನ ಅಂಕಿತದೊಡನೆ ಕಳಸದ ಗೋವಿಂದನ ಹೆಸರೂ ಕೇಳಿಬರುತ್ತದೆ.