ಮನುಷ್ಯನ ಮೂಗು ಮಂದ ಎಂಬ ನಂಬಿಕೆ ಬಂದಿದ್ದೆಲ್ಲಿಂದ? ಇದರ ಹಿಂದಿದ್ದಾರೆ ಪಾಲ್ ಬ್ರೋಕಾ

ಹೈದರಾಬಾದ್‌ನ ಚಾರ್ಮಿನಾರ್ ಸುತ್ತಮುತ್ತ ಅತ್ತರ್ ಮಾರುವವರಿಗೆ ಮೂಗೇ ಬಂಡವಾಳ. ಗುಲಾಬಿ, ಮಲ್ಲಿಗೆ, ಗಂಧ, ಊದ್ ಎಲ್ಲವನ್ನೂ ವಾಸನೆಯಿಂದಲೇ ಗುರುತಿಸಬೇಕು. ಆದರೂ ಪ್ರಾಣಿಗಳ ಮುಂದೆ ಮನುಷ್ಯನ ಮೂಗು ಏನೇನೂ ಅಲ್ಲ ಎಂದೇ ಹೆಚ್ಚಿನವರು ನಂಬಿದ್ದಾರೆ. ಈ ನಂಬಿಕೆಗೆ ವಿಜ್ಞಾನದ ಮುದ್ರೆ ಬಿದ್ದಿದ್ದು 19ನೇ ಶತಮಾನದಲ್ಲಿ, ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ಅವರಿಂದ.

1824ರ ಜೂನ್ 28ರಂದು ಜನಿಸಿದ ಬ್ರೋಕಾ, ಪ್ಯಾರಿಸ್‌ನಲ್ಲಿ ಶಸ್ತ್ರಚಿಕಿತ್ಸಕರಾಗಿ ಹೆಸರು ಮಾಡಿದರು. 1861ರಲ್ಲಿ ಮಾತು ಕಳೆದುಕೊಂಡಿದ್ದ ರೋಗಿಯೊಬ್ಬರು ತೀರಿಕೊಂಡಾಗ ಅವರ ಮೆದುಳನ್ನು ಪರೀಕ್ಷಿಸಿದರು. ಮೆದುಳಿನ ಎಡ ಮುಂಭಾಗಕ್ಕೆ ಹಾನಿಯಾಗಿರುವುದು ಕಂಡುಬಂತು. ಆ ಜಾಗವನ್ನು ಇಂದಿಗೂ 'ಬ್ರೋಕಾ ಪ್ರದೇಶ' ಎಂದೇ ಕರೆಯಲಾಗುತ್ತದೆ.

ನಂತರ ಅವರ ಗಮನ ಸಸ್ತನಿಗಳ ಮೆದುಳಿನತ್ತ ಹೊರಳಿತು. ವಾಸನೆಯ ಸಂಕೇತ ಮೂಗಿನಿಂದ ಮೊದಲು ತಲುಪುವ ಭಾಗವೇ 'ಆಲ್‌ಫ್ಯಾಕ್ಟರಿ ಬಲ್ಬ್'. ನೀರುನಾಯಿಯಂಥ ಪ್ರಾಣಿಗಳಲ್ಲಿ ಇದು ಮೆದುಳಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು, ಮನುಷ್ಯನಲ್ಲಿ ತೀರಾ ಚಿಕ್ಕದು. ಡಾಲ್ಫಿನ್‌ಗಳಲ್ಲಂತೂ ಇಲ್ಲವೇ ಇಲ್ಲ. ಹೀಗಾಗಿ ಬ್ರೋಕಾ ಸಸ್ತನಿಗಳನ್ನು ಎರಡು ಗುಂಪು ಮಾಡಿದರು: ವಾಸನೆಯನ್ನೇ ನೆಚ್ಚಿ ಬದುಕುವವು ಮತ್ತು ನೆಚ್ಚದವು. ಮನುಷ್ಯನನ್ನು ಸೇರಿಸಿದ್ದು ಎರಡನೇ ಗುಂಪಿಗೆ. ಮೆದುಳಿನ ಮುಂಭಾಗ ಬೆಳೆದಂತೆ ಮನುಷ್ಯ ವಾಸನೆಯ ಹಿಡಿತದಿಂದ ಬಿಡುಗಡೆಯಾದ ಎಂಬುದು ಅವರ ವಾದ. 1878ರಲ್ಲಿ ಅವರು ವಿವರಿಸಿದ 'ಲಿಂಬಿಕ್' ಭಾಗದ ಹೆಸರು ಇಂದಿಗೂ ಬಳಕೆಯಲ್ಲಿದೆ.

ಬ್ರೋಕಾ ಅವರ ಅಳತೆ ತಪ್ಪಿರಲಿಲ್ಲ, ತೀರ್ಮಾನ ತಪ್ಪಿತ್ತು. ಮನುಷ್ಯರಿಗೆ ವಾಸನೆ ತೋರಿಸಿ ಪರೀಕ್ಷಿಸದೆ, ಕೇವಲ ಮೆದುಳಿನ ಆಕಾರ ನೋಡಿ ಅವರು ಈ ತೀರ್ಮಾನಕ್ಕೆ ಬಂದಿದ್ದರು. 1880ರ ಜುಲೈ 9ರಂದು, 56ನೇ ವಯಸ್ಸಿನಲ್ಲಿ ಅವರು ನಿಧನರಾದರು. ಆದರೆ ಅವರ ಮಾತು ಶತಮಾನ ದಾಟಿ ಪಠ್ಯಪುಸ್ತಕಗಳಲ್ಲಿ ಉಳಿಯಿತು.

2017ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ನರವಿಜ್ಞಾನಿ ಜಾನ್ ಮೆಕ್‌ಗ್ಯಾನ್, 'ಸೈನ್ಸ್' ಪತ್ರಿಕೆಯಲ್ಲಿ ಈ ನಂಬಿಕೆಯನ್ನು ಪ್ರಶ್ನಿಸಿದರು. ನಿಜವಾದ ಗಾತ್ರ ನೋಡಿದರೆ ಮನುಷ್ಯನ ಆಲ್‌ಫ್ಯಾಕ್ಟರಿ ಬಲ್ಬ್ ಇಲಿಯದ್ದಕ್ಕಿಂತ ದೊಡ್ಡದು. ಅದರಲ್ಲಿರುವ ನರಕೋಶಗಳ ಸಂಖ್ಯೆಯಲ್ಲೂ ಸಸ್ತನಿಗಳ ನಡುವೆ ಅಂಥ ದೊಡ್ಡ ಅಂತರವಿಲ್ಲ. ಕೆಲವು ವಾಸನೆಗಳ ಮಟ್ಟಿಗೆ ಮನುಷ್ಯನ ಮೂಗೇ ಹೆಚ್ಚು ಚುರುಕು.

ಇದು ಬರೀ ಹಳೆಯ ಚರ್ಚೆಯಲ್ಲ. ಮೂಗು ಮುಖ್ಯವಲ್ಲ ಎಂಬ ಭಾವನೆಯಿಂದ ವಾಸನೆ ತಿಳಿಯದಿದ್ದರೂ ಹಲವರು ವೈದ್ಯರ ಬಳಿ ಹೋಗುವುದಿಲ್ಲ. ಆದರೆ ಪಾರ್ಕಿನ್ಸನ್‌ನಂಥ ಕಾಯಿಲೆಗಳಲ್ಲಿ ಕೈನಡುಕಕ್ಕೂ ಎಷ್ಟೋ ಮೊದಲೇ ವಾಸನೆ ಕುಗ್ಗಬಹುದು. ನೆಗಡಿ ಇಲ್ಲದೆಯೂ ಒಗ್ಗರಣೆಯ ಘಮ ತಿಳಿಯದಿದ್ದರೆ ವೈದ್ಯರಿಗೆ ಹೇಳುವುದು ಒಳ್ಳೆಯದು.